ದಂತವೈದ್ಯರ ಮನೆಯ ಮೊಲ

ನಮ್ಮನೆಯವರು ಮನುಷ್ಯರನ್ನು ಗುರುತು ಹಿಡಿಯುವುದು ಮುಖದಿಂದಲ್ಲ, ಹಲ್ಲಿನಿಂದ. ರಸ್ತೆಯಲ್ಲಿ ಯಾರಾದರೂ ಮಾತಾಡಿಸಿದರೆ ಮಿಕಿಮಿಕಿ ನೋಡುತ್ತಾರೆ. ಆತ ನಕ್ಕು ಬಾಯಿ ತೆರೆದ ಮೇಲೆ, "ಓಹೋ, ಕೆಳಗಿನ ಎಡ ದವಡೆ!" ಎಂದು ಕೈ ಕುಲುಕುತ್ತಾರೆ. ಮದುವೆಗೆ ಮುಂಚೆ ನನ್ನನ್ನು ಮೊದಲ ಸಲ ಭೇಟಿಯಾದಾಗಲೂ ಇದೇ ಕಥೆ. ನಾನು ಹೊಸ ಬಟ್ಟೆ ಹಾಕಿಕೊಂಡು, ಕಣ್ಣಿಗೆ ಕಾಡಿಗೆ ತೀಡಿಕೊಂಡು ಹೋಗಿದ್ದೆ. ಎಲ್ಲ ದಂಡ. ನನ್ನ ಮುಂದಿನ ಹಲ್ಲುಗಳ ನಡುವೆ ಇರುವ ಚೂರು ಸಂದನ್ನೇ ಅರ್ಧ ಗಂಟೆ ನೋಡಿ, "ಸರಿ ಮಾಡಬಹುದು" ಎಂದರು. ದೊಡ್ಡವರು ಅದನ್ನೇ ಒಪ್ಪಿಗೆ ಎಂದು ತಿಳಿದರು. ಹದಿನಾಲ್ಕು ವರ್ಷವಾಯಿತು, ಸಂದು ಇದ್ದ ಹಾಗೇ ಇದೆ.

ಮನೆಯ ಮುಂದಿನ ಎರಡು ಕೋಣೆ ಇವರ ದವಾಖಾನೆ, ಹಿಂದಿನದು ನಮ್ಮ ಸಂಸಾರ. ಹೊರಗಿನ ಕೋಣೆಯಲ್ಲಿ ಕೂತು ಬಂದವರ ಹೆಸರು ಬರೆಯುವವಳು ನಾನು, ಅಚ್ಚು ತೆಗೆಯಲು ಪ್ಲಾಸ್ಟರ್ ಕಲೆಸುವವಳು ನಾನು, ಹೆದರಿ ಓಡಿಹೋಗಲು ನೋಡುವವರನ್ನು ಸಮಾಧಾನ ಮಾಡಿ ಕೂರಿಸುವವಳೂ ನಾನೇ. ಒಳಗೆ ಕುರ್ಚಿಯ ಪಕ್ಕ ನಿಂತು ಉಪದೇಶ ಮಾಡುವುದು ಮಾತ್ರ ಇವರ ಕೆಲಸ. ಉಪದೇಶ ಯಾವಾಗಲೂ ಒಂದೇ: ಹಲ್ಲು ಸವೆಯಬಾರದು. ಒಮ್ಮೆ ಸವೆದರೆ ಸವೆದ ಹಾಗೆ. ಈ ಒಂದು ಮಾತಿನ ದೆಸೆಯಿಂದ ನಮ್ಮ ಮನೆಯಲ್ಲಿ ಸೇಬನ್ನು ಕಚ್ಚಿ ತಿನ್ನುವ ಹಾಗಿಲ್ಲ, ತೆಳ್ಳಗೆ ಹೆಚ್ಚಿಯೇ ತಿನ್ನಬೇಕು. ಹುರಿದ ಕಾಳು ನಿಷೇಧ. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಅನ್ನುತ್ತಾರಲ್ಲ, ನಮಗೆ ಎರಡೂ ಇವೆ, ಅಪ್ಪಣೆ ಇಲ್ಲ.

ಇವರಿಗೊಬ್ಬ ತಮ್ಮ. ನನ್ನ ಮೈದುನ. ಅವನು ಪ್ರಾಣಿಗಳ ಡಾಕ್ಟರು. ಊರಿನ ಇನ್ನೊಂದು ತುದಿಯಲ್ಲಿದ್ದಾನೆ, ನಮ್ಮನೆಗೆ ಬರುವುದು ಅಪರೂಪ. ಬಂದರೆ ಅಣ್ಣನ ಕೈಲಿ ಅನ್ನಿಸಿಕೊಂಡು ಹೋಗಬೇಕು. "ಇವನ ರೋಗಿಗಳು ಬಾಲ ಅಲ್ಲಾಡಿಸ್ತಾರೆ, ಅದಕ್ಕೇ ತಾನು ದೊಡ್ಡ ಡಾಕ್ಟರು ಅಂದ್ಕೊಂಡಿದ್ದಾನೆ" ಎಂದು ಇವರು ಎದುರಿಗೇ ಹೇಳುತ್ತಾರೆ. ಮೈದುನ ನಗುತ್ತಾನೆ. ಸಾಧು ಪ್ರಾಣಿಗಳ ಜೊತೆ ಇದ್ದೂ ಇದ್ದೂ ತಾನೂ ಹಾಗೇ ಆಗಿದ್ದಾನೆ.

ನಮ್ಮ ಮಗಳಿಗೆ ಹನ್ನೊಂದು ವರ್ಷ. ಒಂದು ವರ್ಷದಿಂದ ಪ್ರಾಣಿ ಬೇಕು, ಪ್ರಾಣಿ ಬೇಕು ಎಂದು ಪ್ರಾಣ ತಿಂದಳು. ಕೊನೆಗೆ ಅವಳ ಚಿಕ್ಕಪ್ಪನೇ ಯಾರದೋ ಮನೆಯಿಂದ ಒಂದು ಮೊಲದ ಮರಿ ತಂದುಕೊಟ್ಟ. ಬೂದು ಬಣ್ಣ, ಎರಡು ಅಂಗೈಯಲ್ಲಿ ಹಿಡಿಯುವಷ್ಟಿತ್ತು. ಅವಳು ಅದಕ್ಕೆ 'ಬೂದಿ' ಎಂದೇ ಹೆಸರಿಟ್ಟಳು. ಮೊದಲ ದಿನವೇ ಅದು ಅವಳ ತೊಡೆಯ ಮೇಲೆ ಮುಖ ತೊಳೆದುಕೊಂಡಿತು, ಅವಳು ಕಾಲು ಜೋಮು ಹಿಡಿದರೂ ಅಲ್ಲಾಡದೆ ಕೂತಿದ್ದಳು. ಮಾತು ಕಡಿಮೆಯ ಹುಡುಗಿ ಶಾಲೆಯಿಂದ ಬಂದ ಕೂಡಲೇ ಪಂಜರದ ಮುಂದೆ ಕೂತು ಇಡೀ ದಿನದ ವರದಿ ಒಪ್ಪಿಸತೊಡಗಿದಳು. ನನಗೆ ಗೊತ್ತಿರದ ಅವಳ ಸ್ನೇಹಿತೆಯರ ಹೆಸರೆಲ್ಲ ಆ ಮೊಲಕ್ಕೆ ಗೊತ್ತಿದ್ದವು.

ಮೈದುನ ಒಂದು ಹಾಳೆಯ ಎರಡೂ ಕಡೆ ತುಂಬ ಬರೆದುಕೊಟ್ಟಿದ್ದ. ಕಿವಿ ಹಿಡಿದು ಎತ್ತಬೇಡಿ, ಹೊಟ್ಟೆ ಮತ್ತು ಹಿಂಗಾಲಿಗೆ ಕೈ ಕೊಟ್ಟು ಎತ್ತಿ. ಸ್ನಾನ ಮಾಡಿಸಬೇಡಿ, ಹೆದರಿಕೆಗೇ ಸತ್ತುಹೋಗಬಹುದು. ಅಡಗಿಕೊಳ್ಳಲು ಒಂದು ಪೆಟ್ಟಿಗೆ ಇಡಿ, ನೀರನ್ನು ಅಗಲ ಬಟ್ಟಲಲ್ಲಿ ಇಡಿ, ಗಜ್ಜರಿ ಯಾವಾಗಲಾದರೂ ಒಂದು ಚೂರು ಸಾಕು. ಇವೆಲ್ಲಕ್ಕಿಂತ ಮೇಲೆ, ಎರಡು ಗೆರೆ ಎಳೆದು, ಹೀಗೆ ಬರೆದಿದ್ದ: 'ಒಣಹುಲ್ಲು ಹಗಲೂ ರಾತ್ರಿ ಅದರ ಮುಂದಿರಬೇಕು. ಮೊಲದ ಎಲ್ಲ ಹಲ್ಲೂ ಬದುಕಿರುವಷ್ಟು ದಿನ ಬೆಳೆಯುತ್ತಲೇ ಇರುತ್ತವೆ. ಹುಲ್ಲು ಅಗಿದು ಸವೆಸಿಕೊಳ್ಳಬೇಕು. ಗದ್ದ ಒದ್ದೆಯಾದರೆ, ತಿನ್ನುವುದು ಬಿಟ್ಟರೆ, ಒಂದು ದಿನವೂ ಕಾಯಬೇಡಿ, ನನಗೆ ಹೇಳಿ.'

ಇವರು ಕನ್ನಡಕ ಏರಿಸಿಕೊಂಡು ಓದಿದರು. 'ಸವೆಸಿಕೊಳ್ಳಬೇಕು' ಎಂಬಲ್ಲಿಗೆ ಬಂದಾಗ ಮುಖದ ಬಣ್ಣವೇ ಬದಲಾಯಿತು.

"ಸವೆಸ್ಬೇಕಂತೆ! ಹದಿನೆಂಟು ವರ್ಷದಿಂದ ಜನರ ಹಲ್ಲು ಸವೆಯದ ಹಾಗೆ ಕಾಯ್ತಾ ಇರೋನು ನಾನು. ನನಗೇ ಹಲ್ಲಿನ ಪಾಠ ಹೇಳ್ತಾನೆ!"

"ಅಪ್ಪ, ಬೆಳೀತಾವಂತಲ್ಲ?" ಎಂದಳು ಮಗಳು.

"ಮುಂದಿನ ಹಲ್ಲು ಬೆಳೆಯುತ್ತೆ ಪುಟ್ಟಿ, ಅದು ನನಗೂ ಗೊತ್ತು. ಒಂದಕ್ಕೊಂದು ತಾಗಿ ಅವೇ ಸರಿಯಾಗಿರುತ್ತವೆ. ದವಡೆ ಹಲ್ಲು ಹಾಗಲ್ಲ. ಮನುಷ್ಯನದಾದರೇನು, ಮೊಲದ್ದಾದರೇನು, ದವಡೆ ಹಲ್ಲು ದವಡೆ ಹಲ್ಲೇ. ನಿಮ್ಮ ಚಿಕ್ಕಪ್ಪ ಕೊಂಬು, ಗೊರಸು ನೋಡ್ಕೊಳ್ಳಲಿ, ಹಲ್ಲನ್ನ ನನಗೆ ಬಿಡಲಿ."

ಹಾಳೆಯನ್ನು ಮುದುರಿ, ರಕ್ತದ ಹತ್ತಿ ಎಸೆಯುವ ಡಬ್ಬಿಗೆ ಎಸೆದರು. ಅವರು ಅತ್ತ ಹೋದ ಮೇಲೆ ನಾನು ಗ್ಲೌಸು ಹಾಕಿಕೊಂಡು ಹೆಕ್ಕಿ, ಬಿಡಿಸಿ, ಎರಡೂ ಕಡೆ ಓದಿದೆ. ಓದಿ ನನ್ನ ಬಟ್ಟೆಗಳ ಕೆಳಗೆ ಇಟ್ಟುಕೊಂಡೆ.

ಮಗಳು ಅಪ್ಪನನ್ನೇ ನಂಬಿದಳು. ಅವಳಿಗೆ ಅಪ್ಪನೆಂದರೆ ಅಪ್ಪನೇ. ಶಾಲೆಯಲ್ಲೂ ಹೇಳಿಕೊಂಡು ಬಂದಳಂತೆ, ಇಡೀ ಊರಿನಲ್ಲಿ ಸ್ವಂತ ಹಲ್ಲಿನ ಡಾಕ್ಟರು ಇರುವ ಮೊಲ ನಮ್ಮದೊಂದೇ ಎಂದು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರ ಮಾತು ಕೇಳಿದ್ದೆ. ಮೂರು ಕಾಲಿನದನ್ನು ದಿನಾ ನೋಡಿಕೊಳ್ಳುವ ಭಾಗ್ಯ ನನ್ನದಾಯಿತು.

ಅವತ್ತಿನಿಂದ ಶುರುವಾಯಿತು ಇವರ ವೈಭವ. ಒಣಹುಲ್ಲು ಹೊರಗೆ ಹೋಯಿತು: "ಅದರಲ್ಲಿ ಮರಳಿರುತ್ತೆ, ಹಲ್ಲನ್ನ ಉಜ್ಜಿ ಹಾಕುತ್ತೆ." ಅಂಗಡಿಯಿಂದ ತಂದ ಮೊಲದ ಗಟ್ಟಿ ತಿಂಡಿಯನ್ನು ಬಿಸಿನೀರಲ್ಲಿ ನೆನೆಸಿ ಮೆತ್ತಗೆ ಮಾಡಿಕೊಟ್ಟರು. ಗಜ್ಜರಿಯನ್ನು ಬೇಯಿಸಿ ಹಿಸುಕಿದರು. ಕಚ್ಚಲಿ ಎಂದು ಮೈದುನ ತಂದಿದ್ದ ಮರದ ತುಂಡು ಒಲೆಯ ಪಾಲಾಯಿತು. ಶನಿವಾರಕ್ಕೊಮ್ಮೆ ಎಳೆ ಮಕ್ಕಳ ಬ್ರಷ್ಷಿನಲ್ಲಿ ಅದರ ಮುಂದಿನ ಹಲ್ಲು ಉಜ್ಜಿದರು. ಎರಡು ಪದವಿ ಗೋಡೆಗೆ ನೇತುಹಾಕಿಕೊಂಡ ಮನುಷ್ಯ ಮೊಣಕಾಲೂರಿ ಮೊಲದ ಹಲ್ಲು ಉಜ್ಜುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಅಗಿಯಲು ಏನೂ ಇಲ್ಲದೆ ಆ ಬಡಪಾಯಿ ಪಂಜರದ ಸರಳುಗಳನ್ನೇ ಕಡಿಯತೊಡಗಿತು. ಇವರು ಅದಕ್ಕೂ ಉಪಾಯ ಕಂಡುಹಿಡಿದರು. ಕಟ್ಟುಹಲ್ಲಿಗೆ ಬಳಸುತ್ತಾರಲ್ಲ, ವಸಡಿನ ಬಣ್ಣದ ಗುಲಾಬಿ ಪ್ಲಾಸ್ಟಿಕ್, ಅದನ್ನು ಕಲೆಸಿ ಒಂದೊಂದು ಸರಳಿಗೂ ಮೆತ್ತಿದರು. ಅದರ ಹಲ್ಲಿಗೆ ಕಬ್ಬಿಣ ತಾಗಬಾರದಂತೆ! ಪಂಜರ ಯಾರೋ ಬಾಯಿ ಕಿಸಿದುಕೊಂಡು ಕೂತ ಹಾಗೆ ಕಾಣುತ್ತಿತ್ತು. ಒಣಗಿದ ಮೇಲೆ ನನ್ನನ್ನು ಕರೆದು ತೋರಿಸಿ, "ಹೇಗಿದೆ?" ಎಂದು ಕೇಳಿದರು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ನಾನು ಸುಮ್ಮನೆ ತಲೆಯಾಡಿಸಿದೆ.

ಹೇಳಲೇ ಇಲ್ಲ ಅಂತಲ್ಲ. ಒಂದು ಸಲ ಹೇಳಿದೆ. "ನಿಮ್ಮ ತಮ್ಮ ಬರೆದದ್ದನ್ನೂ ಸ್ವಲ್ಪ ಯೋಚನೆ ಮಾಡಿ, ಹುಲ್ಲು ಹಾಕೋಣ" ಎಂದೆ. ಇವರು ಒಬ್ಬ ರೋಗಿಯ ಬಾಯಲ್ಲಿ ಕೈ ಹಾಕಿದ್ದರು. ಕೈ ತೆಗೆಯದೆ, "ನೀನು ಯಾವ ಕಾಲೇಜಿನಲ್ಲಿ ಹಲ್ಲು ಓದಿದೆಯಮ್ಮ?" ಎಂದರು. ಬಾಯಲ್ಲಿ ಎಂಜಲು ಹೀರುವ ಕೊಳವೆ ಇಟ್ಟುಕೊಂಡೇ ಆ ರೋಗಿ ಗೊಳಗೊಳ ನಕ್ಕ. ಅರ್ಧ ಗಂಟೆ ಮುಂಚೆ ನನ್ನ ಮುಂದೆ ಅಳುತ್ತಾ ಕೂತಿದ್ದವನು ಅವನು.

ಅವತ್ತೇ ಬಾಯಿಗೆ ಬೀಗ ಹಾಕಿಕೊಂಡೆ. ಮಾಡಿದ್ದುಣ್ಣೋ ಮಹರಾಯ. ತುಟಿ ಪಿಟಕ್ಕೆನ್ನದೆ ಗಜ್ಜರಿ ಬೇಯಿಸಿಕೊಟ್ಟೆ, ಹಿಸುಕಲು ಬಟ್ಟಲು ತೊಳೆದುಕೊಟ್ಟೆ. ಒಂದು ದಿನ ಈ ಮನುಷ್ಯನ ಮೀಸೆ ಮಣ್ಣಾಗುತ್ತದೆ, ಅವತ್ತು ನಾನು ಎದುರಿಗಿರಬೇಕು, ಅಷ್ಟೇ ನನ್ನ ಆಸೆಯಾಗಿತ್ತು.

ಮೂರು ತಿಂಗಳು ಕಳೆಯಿತು. ಮೈದುನ ಆಗಾಗ ಫೋನಿನಲ್ಲಿ ಕೇಳುತ್ತಿದ್ದ, ಇವರು ಫೋನು ಕಿತ್ತುಕೊಂಡು, "ರಾಜನ ಹಾಗಿದೆ ಕಣೋ, ನೀನು ನಿನ್ನ ಎಮ್ಮೆ ನೋಡ್ಕೋ" ಎನ್ನುತ್ತಿದ್ದರು.

ಒಂದು ಗುರುವಾರ, ಮಗಳು ಶಾಲೆಗೆ ಹೋಗಿದ್ದಳು, ನಾನು ಪಂಜರ ಗುಡಿಸುತ್ತಿದ್ದೆ. ಬೂದಿ ಬಟ್ಟಲಿಗೆ ಬಾಯಿ ಹಾಕಿತು, ತೆಗೆಯಿತು. ತಿಂದದ್ದು ಬಾಯಿಂದ ಜಾರಿ ಬಿತ್ತು. ಎತ್ತಿ ನೋಡಿದೆ. ಗದ್ದದ ಕೆಳಗಿನ ಕೂದಲು ಜೊಲ್ಲಿಗೆ ಒದ್ದೆಯಾಗಿ ಅಂಟಿಕೊಂಡಿತ್ತು. ಹಿಕ್ಕೆ ಸಾಸಿವೆಯಷ್ಟಾಗಿತ್ತು, ಅದೂ ನಾಲ್ಕೇ ನಾಲ್ಕು.

ನನಗೆ ಗೊತ್ತಾಯಿತು. ಹಾಳೆ ತೆಗೆದು ನೋಡುವ ಅಗತ್ಯವೂ ಇರಲಿಲ್ಲ. ಆ ಕ್ಷಣ ನನಗೆ ಏನನ್ನಿಸಿತು ಎಂಬುದನ್ನು ಮುಚ್ಚಿಡುವುದಿಲ್ಲ. ಹೆದರಿಕೆ ಅಲ್ಲ, ಕನಿಕರ ಅಲ್ಲ. ಸಂತೋಷವಾಯಿತು. ಹೊಟ್ಟೆ ತಣ್ಣಗಾಯಿತು.

ಫೋನು ತೆಗೆದುಕೊಂಡು ಮೈದುನನಿಗೆ ಹಚ್ಚಿದೆ. "ಭಾನುವಾರ ಮಧ್ಯಾಹ್ನ ಊಟಕ್ಕೆ ಬಾಪ್ಪ. ಎಷ್ಟು ದಿನ ಆಯ್ತು ನಿನ್ನ ನೋಡಿ" ಎಂದೆ. "ಬರ್ತೀನಿ ಅತ್ತಿಗೆ. ಬೂದಿ ಹೇಗಿದೆ?" ಎಂದ. "ಬಂದು ನೋಡುವೆಯಂತೆ" ಎಂದೆ. ಸುಮ್ಮನೆ ಕರೆಸಿ ತೋರಿಸಿದರೆ ಏನು ಬಂತು? ಇವರು ದವಾಖಾನೆಯೊಳಗೆ ನುಸುಳಿಕೊಂಡುಬಿಡುತ್ತಿದ್ದರು. ಭಾನುವಾರವಾದರೆ ಎಲ್ಲರೂ ಊಟದ ಮೇಜಿನ ಸುತ್ತ ಇರುತ್ತಾರೆ, ತಮ್ಮನೇ ಬಾಯಿ ತೆರೆಸಿ ನೋಡುತ್ತಾನೆ, ತಮ್ಮನ ಬಾಯಿಂದಲೇ ಬರುತ್ತದೆ. ಪಂಜರವನ್ನು ಊಟದ ಕೋಣೆಗೇ ತಂದಿಟ್ಟೆ. ಯಾರು ಎಲ್ಲಿ ಕೂರಬೇಕು ಎಂಬುದನ್ನೂ ಮನಸ್ಸಿನಲ್ಲೇ ಗೊತ್ತು ಮಾಡಿದೆ.

ಶುಕ್ರವಾರ ಮೊಲ ಒಂದೆರಡು ಸಲ ಬಟ್ಟಲು ಮೂಸಿತು. ಇವರು, "ಇನ್ನೂ ಮೆತ್ತಗಾಗಬೇಕು" ಎಂದು ಗಜ್ಜರಿಯನ್ನು ಇನ್ನಷ್ಟು ಬೇಯಿಸಿ ಗಂಜಿ ಮಾಡಿದರು. ಶನಿವಾರ ಅದು ಪೆಟ್ಟಿಗೆಯೊಳಗೆ ಮೂಲೆಗೆ ಮುಖ ಮಾಡಿ ಕೂತುಬಿಟ್ಟಿತು, ಹಲ್ಲುಜ್ಜಲು ಕರೆದರೂ ಹೊರಗೆ ಬರಲಿಲ್ಲ. ಸಂಜೆ ಮಗಳು ಅಡುಗೆಮನೆಗೆ ಬಂದಳು.

"ಅಮ್ಮ, ಬೂದಿ ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಚಿಕ್ಕಪ್ಪನಿಗೆ ಫೋನ್ ಮಾಡ್ಲಾ?"

"ನಾಳೆ ಹೇಗೂ ಬರ್ತಾರಲ್ಲೇ."

"ಅಲ್ಲೀವರೆಗೂ ಏನೂ ಆಗಲ್ಲ ಅಲ್ವಾ?"

"ಒಂದು ದಿನಕ್ಕೆ ಏನಾಗುತ್ತೆ? ಹೋಗು, ಓದ್ಕೋ."

ಅವಳು ಹೋದಳು. ನಾನು ಹೇಳಿದ್ದನ್ನು ನಂಬಿಯೇ ಹೋದಳು.

ಭಾನುವಾರ ಮೈದುನ ಬಂದವನು ಚಪ್ಪಲಿ ಬಿಡುವ ಮುಂಚೆಯೇ ಪಂಜರ ನೋಡಿ, "ಇದೇನಿದು, ಗುಲಾಬಿ?" ಎಂದ. ಇವರು ಎದೆಯುಬ್ಬಿಸಿ ವಿವರಿಸಲು ಶುರು ಮಾಡಿದರು. ಅವನು ಕೇಳಿಸಿಕೊಳ್ಳುತ್ತಿರಲಿಲ್ಲ. ಪೆಟ್ಟಿಗೆಯೊಳಗೆ ಕೈ ಹಾಕಿ ಮೊಲವನ್ನು ತೆಗೆದು, ಕೈಯಲ್ಲೇ ತೂಗಿ ನೋಡಿದ. ಹೊಟ್ಟೆಗೆ ಕಿವಿ ಇಟ್ಟ. ಮುಖ ಗಂಭೀರವಾಯಿತು.

"ಅಣ್ಣ, ನಿನ್ನ ಬಾಯಿ ನೋಡೋ ಕನ್ನಡಿ ತಾ. ದೀಪಾನೂ ತಾ."

ಇವರು ತಂದರು. ಮೈದುನ ಮೊಲವನ್ನು ಟವೆಲಿನಲ್ಲಿ ಸುತ್ತಿ, ಬಾಯಿ ಬಿಡಿಸಿ, ತಾನು ನೋಡಿ, "ನೀನೇ ನೋಡು" ಎಂದು ಕನ್ನಡಿಯನ್ನು ಅಣ್ಣನ ಕೈಗೆ ಕೊಟ್ಟ. ನಾನು ಸೌಟು ಕೈಯಲ್ಲಿ ಹಿಡಿದುಕೊಂಡೇ ಹತ್ತಿರ ಹೋದೆ. ಮೂರು ತಿಂಗಳಿಂದ ಕಾಯುತ್ತಿದ್ದ ಗಳಿಗೆ. ಕೆಳಗಿನ ದವಡೆ ಹಲ್ಲುಗಳು ಎರಡೂ ಕಡೆಯಿಂದ ಒಳಕ್ಕೆ ಬಾಗಿ ಮುಳ್ಳಿನ ಹಾಗೆ ಚೂಪಾಗಿ ಬೆಳೆದಿದ್ದವು. ನಾಲಗೆಯ ಅಂಚು ಹರಿದು ಹುಣ್ಣಾಗಿತ್ತು.

ಇವರು ಬಹಳ ಹೊತ್ತು ನೋಡಿದರು. ನಾನು ಇವರ ಮುಖವನ್ನು ನೋಡಿದೆ. ಇನ್ನೇನು ಶುರುವಾಗುತ್ತದೆ, ಇದು ಹುಟ್ಟಿನಿಂದ ಬಂದದ್ದು ಅನ್ನುತ್ತಾರೆ, ನೀನು ತಂದ ಮರಿಯೇ ಸರಿಯಿಲ್ಲ ಅನ್ನುತ್ತಾರೆ, ಆಗ ನಾನು ಹಾಳೆ ತಂದು ಮುಖಕ್ಕೆ ಹಿಡಿಯುತ್ತೇನೆ.

ಇವರು ಕನ್ನಡಿ ಕೆಳಗಿಟ್ಟರು. "ನಾನೇ ಮಾಡಿದ್ದು" ಎಂದರು. ಮಗಳ ಕಡೆ ತಿರುಗಿ, "ತಪ್ಪು ನಂದೇ ಪುಟ್ಟಿ. ಚಿಕ್ಕಪ್ಪ ಸರಿಯಾಗೇ ಹೇಳಿದ್ದ, ನಾನು ಕೇಳಲಿಲ್ಲ" ಎಂದರು.

ಅಷ್ಟೇ. ಎರಡು ಮಾತು. ಹದಿನಾಲ್ಕು ವರ್ಷದಲ್ಲಿ ನಲ್ಲಿ ಮುಚ್ಚದೆ ಬಿಟ್ಟಿದ್ದು ತಾನೇ ಎಂದು ಕೂಡ ಒಪ್ಪದ ಮನುಷ್ಯ, ನನ್ನ ಇಷ್ಟು ದಿನದ ಕಾಯುವಿಕೆಯನ್ನು ಎರಡೇ ಮಾತಿನಲ್ಲಿ ಮುಗಿಸಿಬಿಟ್ಟರು. ನಾನು ಹೊಂದಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ದಂಡವಾದವು. ಮೈಯೆಲ್ಲ ಉರಿಯಿತು.

"ಜೊಲ್ಲು ಯಾವಾಗಿಂದ?" ಎಂದು ಕೇಳಿದ ಮೈದುನ.

"ಇವತ್ತೇ ಕಂಡಿದ್ದು" ಎಂದರು ಇವರು.

"ಇವತ್ತಂತೆ!" ಎಂದು ನಾನು ಕೂಗಿದೆ. "ಇವತ್ತಲ್ಲ, ಗುರುವಾರದಿಂದ! ಈ ಮನೇಲಿ ಕಣ್ಣಿರೋದು ಯಾರಿಗೆ? ಬೆಳಗಾದರೆ ಹಲ್ಲು, ಹಲ್ಲು ಅಂತ ಬಡ್ಕೊಳ್ತಾರೆ, ಪಕ್ಕದಲ್ಲಿರೋ ಪ್ರಾಣಿ ಗದ್ದ ಒದ್ದೆಯಾಗಿದ್ದು ಕಾಣಲ್ಲ. ಹಾಳೇಲಿ ಬರೆದಿತ್ತು, ಗದ್ದ ಒದ್ದೆಯಾದ್ರೆ ಒಂದು ದಿನಾನೂ ಕಾಯಬೇಡಿ ಅಂತ. ಇವರು ಎಸೆದರು. ನಾನು ಎತ್ತಿಟ್ಟು ಓದಿದ್ದೀನಿ! ನನಗೆ ಅವತ್ತೇ ಗೊತ್ತಾಯ್ತು!"

ನನ್ನ ದನಿ ಊಟದ ಕೋಣೆಯ ತುಂಬ ಮೊಳಗಿತು. ಕೂಗಿ ಮುಗಿಸಿ ಇವರ ಮುಖ ನೋಡಿದೆ. ಇವರು ತಲೆ ತಗ್ಗಿಸಿರಲಿಲ್ಲ. ನನ್ನನ್ನೇ ನೋಡುತ್ತಿದ್ದರು. ಮೂವರೂ ನನ್ನನ್ನೇ ನೋಡುತ್ತಿದ್ದರು.

"ಗುರುವಾರ ನೀವು ಫೋನ್ ಮಾಡಿದ್ರಲ್ಲ ಅತ್ತಿಗೆ" ಎಂದ ಮೈದುನ.

"ಅದು ಊಟಕ್ಕೆ ಕರೆಯೋಕೆ..." ಎಂದೆ.

ಅವನು ಅಣ್ಣನ ಕಡೆ ತಿರುಗಿ, "ಈಗಲೇ ಉಜ್ಜಿ ಸವೆಸಬೇಕು. ಮತ್ತಿನ ಇಂಜೆಕ್ಷನ್ ನನ್ನ ಗಾಡೀಲಿದೆ. ಇಷ್ಟು ಸಣ್ಣ ಬಾಯಿಗೆ ಆಗೋ ಡ್ರಿಲ್ ನಿನ್ನ ಹತ್ರಾನೇ ಇರೋದು" ಎಂದ.

ಮನುಷ್ಯರು ಕೂರುವ ಕುರ್ಚಿಯ ಮೇಲೆ ಬೂದಿಯನ್ನು ಮಲಗಿಸಿದರು. ಮೈದುನ ಚಮಚದ ಹಿಡಿಯಿಂದ ನಾಲಗೆಯನ್ನು ಪಕ್ಕಕ್ಕೆ ಒತ್ತಿ ಹಿಡಿದ, ಇವರು ಡ್ರಿಲ್ಲಿನಿಂದ ಒಂದೊಂದೇ ಮುಳ್ಳನ್ನು ಉಜ್ಜಿದರು. ಯಾವತ್ತೂ ಹಲ್ಲು ಸವೆಯಬಾರದು ಅನ್ನುವವರ ಕೈ ಒಂದು ಚೂರೂ ನಡುಗಲಿಲ್ಲ. ಕೆಲಸ ಬರುತ್ತದೆ ಈ ಮನುಷ್ಯನಿಗೆ, ಅದನ್ನು ಒಪ್ಪದೆ ವಿಧಿಯಿಲ್ಲ. ಯಾವಾಗಲೂ ದೀಪ ಹಿಡಿಯುವವಳು ನಾನು. ಅವತ್ತು ಮಗಳು ಹಿಡಿದಳು. ನಾನು ಬಾಗಿಲ ಬಳಿ ನಿಂತಿದ್ದೆ, ಅದು ತಾ, ಇದು ತಾ ಎಂದು ಯಾರೂ ನನ್ನನ್ನು ಕೇಳಲಿಲ್ಲ.

ಇಂಜೆಕ್ಷನ್ನಿನ ಮತ್ತು ಇಳಿದ ಮೇಲೆ ಮೈದುನ ಹೇಳಿದ: "ಹಲ್ಲು ಸರಿಯಾಯ್ತು. ಆದರೆ ಉಪವಾಸ ಬಿದ್ದು ಕರುಳು ನಿಂತುಹೋಗಿದೆ. ಗುರುವಾರವೇ ಆಗಿದ್ರೆ ಯೋಚನೆ ಇರ್ತಿರಲಿಲ್ಲ. ಹುಲ್ಲಿನ ಪುಡಿ ನೀರಲ್ಲಿ ಕಲಸಿ, ಮೂರು ಮೂರು ಗಂಟೆಗೆ ಸಿರಿಂಜಿನಲ್ಲಿ ಕೊಡಬೇಕು. ಕೆನ್ನೆ ಪಕ್ಕದಿಂದ, ನಿಧಾನವಾಗಿ, ಅದು ನುಂಗೋದು ನೋಡ್ಕೊಂಡು. ಹಿಕ್ಕೆ ಹಾಕಿದ್ರೆ ಬದುಕಿತು ಅಂತ. ಇಲ್ಲಾಂದ್ರೆ ಹೇಳೋಕಾಗಲ್ಲ." ಔಷಧಿ ಕೊಟ್ಟ, ಮೊದಲ ಸಲ ತಾನೇ ತಿನ್ನಿಸಿ ತೋರಿಸಿದ. ಊಟ ಮಾಡದೆ ಹೋದ. ಮೇಜಿನ ಮೇಲೆ ಎಲ್ಲ ಆರಿ ತಣ್ಣಗಾಗಿತ್ತು.

ಸಂಜೆಯ ಹೊತ್ತಿಗೆ ಮತ್ತೆ ತಿನ್ನಿಸುವ ಸಮಯವಾಯಿತು. ಕಲೆಸುವುದು ನನಗೆ ಅಭ್ಯಾಸವಿದ್ದ ಕೆಲಸ. ಗಂಟಿಲ್ಲದ ಹಾಗೆ ಕಲೆಸಿ, ಸಿರಿಂಜು ತುಂಬಿ, ಗಾಳಿ ತೆಗೆದು, ಪಂಜರದ ಮುಂದೆ ಹೋಗಿ ಕೂತೆ. ಮಗಳು ಮೊಲವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ನಾನು ಕೈ ಚಾಚಿದಾಗ ಅದನ್ನು ತನ್ನ ಕಡೆ ಸರಿಸಿಕೊಂಡಳು.

"ನೀನು ಬೇಡಮ್ಮ" ಎಂದಳು.

"ಅಲ್ಲ ಕಣೇ, ನನಗೆ ಗೊತ್ತು, ನಾನು ಸರಿಯಾಗಿ..."

"ಅಪ್ಪ ಕೊಡಲಿ" ಎಂದಳು. "ಅಪ್ಪನಿಗೆ ಗೊತ್ತಿರಲಿಲ್ಲ."

ಕೂಗಿ ಹೇಳಲಿಲ್ಲ, ಅಳಲಿಲ್ಲ. ನನ್ನ ಕೈಯಿಂದ ಸಿರಿಂಜು ತೆಗೆದುಕೊಂಡು ಅಪ್ಪನಿಗೆ ಕೊಟ್ಟಳು. ಆ ದನಿ ನನಗೆ ಚೆನ್ನಾಗಿ ಗೊತ್ತು. ನಾನು ಇವರ ಬಗ್ಗೆ ಮಾತಾಡುವಾಗ ಬರುವ ದನಿ ಅದು, ಹನ್ನೊಂದು ವರ್ಷದಿಂದ ಅವಳು ಕೇಳುತ್ತಾ ಬೆಳೆದದ್ದು.

ಸೋಮವಾರ ಬೆಳಿಗ್ಗೆ ನಾನು ಹೊರಗಿನ ಕೋಣೆಯಲ್ಲಿ, ಕೆನ್ನೆ ಊದಿಸಿಕೊಂಡು ಬಂದ ಒಬ್ಬರ ಹೆಸರು ಬರೆಯುತ್ತಿದ್ದೆ. ಮಗಳು ಹಿಂದಿನಿಂದ ಓಡಿಬಂದಳು. ಕೂದಲು ಬಾಚಿರಲಿಲ್ಲ, ಮಲಗುವ ಬಟ್ಟೆಯಲ್ಲೇ ಇದ್ದಳು, ಒಂದು ಕೈ ಮುಷ್ಟಿ ಕಟ್ಟಿದ್ದಳು. ಆ ಮುಖ ನೋಡಿದರೇ ಗೊತ್ತಾಗುತ್ತಿತ್ತು. ನಾನು ಎದ್ದು ನಿಂತೆ. ಅವಳು ನನ್ನ ಮೇಜು ದಾಟಿ ಒಳಬಾಗಿಲು ತಳ್ಳಿದಳು. "ಅಪ್ಪಾ! ಹಿಕ್ಕೆ ಹಾಕಿದೆ! ಆರು!" ಎಂದು ಕೂಗಿದಳು. ಒಳಗೆ ಇವರು ಚಿಕ್ಕ ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದ್ದು ಕೇಳಿಸಿತು.

"ಏನಂತೆ?" ಎಂದು ಊದಿದ ಕೆನ್ನೆಯವರು ಕೇಳಿದರು.

"ಮೊಲ ಬದುಕಿತಂತೆ" ಎಂದೆ.

"ಓ, ನೀವು ಮೊಲ ಸಾಕಿದ್ದೀರಾ?"

"ನಾನಲ್ಲ" ಎಂದೆ. "ಅವರಿಬ್ಬರು."